ಹೆಸರಿಗಿಂತ ಹಡಗು ಮೊದಲು: ಬ್ರಿಟಿಷ್ ವ್ಯಾಪಾರಿ ನಾವಿಕರ ಜಾಡು ಹಿಡಿಯುವ ಬಗೆ

ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿದ ನಾವಿಕನೊಬ್ಬನನ್ನು ಹುಡುಕಲು ಹೊರಟವರು ಮೊದಲು ಮಾಡುವ ಕೆಲಸ ಅವನ ಹೆಸರನ್ನು ಕಂಪ್ಯೂಟರಿಗೆ ಹಾಕುವುದು. ಮೊದಲ ತಪ್ಪೂ ಅದೇ. ಜಾನ್ ಡೇವಿಸ್ ಎಂದರೆ ನೂರಾರು ಮಂದಿ ಬಂದು ಸಾಲಾಗಿ ನಿಲ್ಲುತ್ತಾರೆ. ಸ್ವಲ್ಪ ಅಪರೂಪದ ಹೆಸರಾದರೆ ಒಬ್ಬರೂ ಬರುವುದಿಲ್ಲ. ದಾಖಲೆ ಹಾಳಾಗಿ ಹೋಗಿರಬೇಕು ಎಂದುಕೊಂಡು ಅಲ್ಲಿಗೇ ಕೈಬಿಡುತ್ತಾರೆ. ಬಹಳಷ್ಟು ಸಲ ಕಾಗದ ಎಲ್ಲಿಯೂ ಹೋಗಿರುವುದಿಲ್ಲ. ಅದನ್ನು ಕಟ್ಟು ಕಟ್ಟಿ ಇಟ್ಟವರು ನಾವಿಕನ ಹೆಸರು ನೋಡಿ ಇಟ್ಟಿಲ್ಲ, ಹಡಗಿನ ನಂಬರು ನೋಡಿ ಇಟ್ಟಿದ್ದಾರೆ, ಅಷ್ಟೇ. ಹಡಗು ಗೊತ್ತಾದರೆ ಮನುಷ್ಯ ಸಿಗುತ್ತಾನೆ. ಹಡಗು ಗೊತ್ತಿಲ್ಲದೆ ಮನುಷ್ಯನನ್ನು ಹುಡುಕುವುದು ಮನೆ ನಂಬರಿಲ್ಲದೆ ಊರೆಲ್ಲ ಸುತ್ತಿದ ಹಾಗೆ.

ಈ ಕಾಗದಗಳು ಹುಟ್ಟಿದ್ದು ದುಡ್ಡಿನ ಲೆಕ್ಕಕ್ಕೆ. 1747ರ ಕಾಯ್ದೆಯ ಪ್ರಕಾರ ಪ್ರತಿ ನಾವಿಕನ ಸಂಬಳದಿಂದ ತಿಂಗಳಿಗೆ ಆರು ಪೆನ್ಸ್ ಮುರಿದುಕೊಳ್ಳಬೇಕಿತ್ತು. ಕೈಕಾಲು ಕಳೆದುಕೊಂಡವರಿಗೆ, ಸತ್ತವರ ಹೆಂಡತಿ ಮಕ್ಕಳಿಗೆ ನೆರವಾಗುವ ನಿಧಿ ಅದು. ಮುರಿದದ್ದು ಸರಿಯೇ ಎಂದು ನೋಡಲು ಯಾರು ಎಷ್ಟು ತಿಂಗಳು ಹಡಗಿನಲ್ಲಿದ್ದ ಎಂಬ ಪಟ್ಟಿ ಬೇಕಲ್ಲ, ಅದೇ ಮಸ್ಟರ್ ರೋಲ್. ಲಿವರ್‌ಪೂಲ್, ಶೀಲ್ಡ್ಸ್, ಡಾರ್ಟ್‌ಮತ್, ಪ್ಲಿಮತ್ ಮುಂತಾದ ಕೆಲವೇ ಬಂದರುಗಳ ರೋಲ್‌ಗಳು ಉಳಿದಿವೆ. 1835ರ ಕಾಯ್ದೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಪರದೇಶಕ್ಕೆ ಹೋಗುವ ಪ್ರತಿ ಹಡಗಿನ ಕಪ್ತಾನನೂ ತನ್ನ ಜನರ ಜೊತೆ ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳಬೇಕು, ಯಾನ ಮುಗಿದ ಮೇಲೆ ಸಿಬ್ಬಂದಿ ಪಟ್ಟಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂದಾಯಿತು. ಇದರ ಹಿಂದೆ ನಾವಿಕರ ಮೇಲಿನ ಕನಿಕರಕ್ಕಿಂತ ನೌಕಾಪಡೆಯ ಲೆಕ್ಕಾಚಾರವೇ ದೊಡ್ಡದಾಗಿತ್ತು: ಯುದ್ಧ ಬಂದರೆ ಎಷ್ಟು ಕೈಗಳು ಸಿಕ್ಕಾವು ಎಂದು ತಿಳಿಯಬೇಕಿತ್ತು.

ಅದೇ ಉದ್ದೇಶಕ್ಕೆ ಹೆಸರಿನ ರಿಜಿಸ್ಟರುಗಳನ್ನೂ ಶುರುಮಾಡಿದರು. 1835ರಿಂದ 1857ರವರೆಗೆ ಒಂದಾದ ಮೇಲೊಂದು ಬಂದವು. ಇವುಗಳಲ್ಲಿ 1845ರಿಂದ 1853ರವರೆಗಿನ, ನಾವಿಕರಿಗೆ ಕೊಟ್ಟ ಗುರುತಿನ ಟಿಕೆಟ್ಟುಗಳ ರಿಜಿಸ್ಟರು ಬಂಗಾರದಂಥದ್ದು: ಹುಟ್ಟಿದ ಊರು, ತಾರೀಖು, ಎತ್ತರ, ಕೂದಲು ಮತ್ತು ಕಣ್ಣಿನ ಬಣ್ಣ, ಮೈಮೇಲಿನ ಗುರುತು, ಬರೆಯಲು ಬರುತ್ತದೋ ಇಲ್ಲವೋ, ಎಲ್ಲವೂ ಒಂದೇ ಸಾಲಿನಲ್ಲಿ. ಪಕ್ಕದಲ್ಲಿ ಯಾನಗಳನ್ನು ಸಂಕೇತ ಸಂಖ್ಯೆಗಳಲ್ಲಿ ಬರೆದಿರುತ್ತಾರೆ. ಆ ಅಂಕಿಗಳನ್ನು ಹಡಗಿನ ನಂಬರು ಎಂದುಕೊಂಡು ದಾರಿ ತಪ್ಪಿದವರು ಬಹಳ. ಅವು ಬಂದರಿನ ಸಂಖ್ಯೆ ಮತ್ತು ತಾರೀಖು. ಬಂದರುಗಳ ಕೀಲಿಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

1857ರಲ್ಲಿ ಸರ್ಕಾರ ಹೆಸರಿನ ರಿಜಿಸ್ಟರನ್ನೇ ನಿಲ್ಲಿಸಿಬಿಟ್ಟಿತು. ಮತ್ತೆ ಶುರುವಾದದ್ದು 1913ರಲ್ಲಿ. ಅದರಲ್ಲೂ ಮೊದಲ ವರ್ಷಗಳ ಕಾರ್ಡುಗಳು ಉಳಿದಿಲ್ಲ. ಹಾಯಿಹಡಗಿನ ಕೊನೆಯ ವೈಭವ, ಉಗಿಹಡಗಿನ ಏಳಿಗೆ, ಸುಯೆಜ್ ಕಾಲುವೆ ತೆರೆದದ್ದು, ಎಲ್ಲವೂ ಈ ಅರ್ಧ ಶತಮಾನದೊಳಗೇ ಆಗಿಹೋಯಿತು. ಹೆಚ್ಚು ಜನ ಹುಡುಕುವ ಕಾಲವೂ ಇದೇ, ಹೆಸರಿನಿಂದ ಏನೂ ಸಿಗದ ಕಾಲವೂ ಇದೇ.

ಹಡಗಿನ ಹೆಸರು ಎಲ್ಲಿಂದ ತರುವುದು?

ಮೊದಲು ಮನೆಯ ಪೆಟ್ಟಿಗೆ. ಯಾನ ಮುಗಿಸಿ ಇಳಿದ ನಾವಿಕನಿಗೆ ಒಂದು ಡಿಸ್ಚಾರ್ಜ್ ಚೀಟಿ ಕೊಡುತ್ತಿದ್ದರು. ಹಡಗಿನ ಹೆಸರು, ಅದರ ನಂಬರು, ನೋಂದಣಿಯಾದ ಬಂದರು, ಹತ್ತಿದ ದಿನ, ಇಳಿದ ದಿನ, ಮಾಡಿದ ಕೆಲಸ, ನಡತೆ ಎಲ್ಲವೂ ಅದರಲ್ಲಿ ಇರುತ್ತವೆ. ಇಂಥ ಒಂದು ಚೀಟಿ ಸಿಕ್ಕಿದರೆ ತಿಂಗಳುಗಟ್ಟಲೆ ಕೆಲಸ ಉಳಿಯಿತು. ಅದಿಲ್ಲದಿದ್ದರೆ ಜನಗಣತಿ: 1861ರಿಂದ ಹಡಗಿನಲ್ಲಿದ್ದವರ ಹೆಸರನ್ನೂ ಗಣತಿಯ ಹಾಳೆಗಳಲ್ಲಿ ಬರೆದಿದ್ದಾರೆ. ಮದುವೆಯ ದಾಖಲೆ, ಮಗುವಿನ ಜನನಪತ್ರ ಇವುಗಳಲ್ಲಿ ಅಪ್ಪನ ವಿಳಾಸದ ಜಾಗದಲ್ಲಿ ಹಡಗಿನ ಹೆಸರೇ ಇರುವುದುಂಟು. ಇನ್ನು 1881 ಮತ್ತು 1915ರ ಸಿಬ್ಬಂದಿ ಪಟ್ಟಿಗಳನ್ನು ಹೆಸರಿನಿಂದ ಹುಡುಕುವಂತೆ ದೊಡ್ಡ ಪ್ರಮಾಣದಲ್ಲಿ ಪ್ರತಿ ಮಾಡಿ ಇಟ್ಟಿದ್ದಾರೆ. ಆ ಎರಡು ವರ್ಷಗಳಲ್ಲಿ ನಿಮ್ಮ ನಾವಿಕ ಸಮುದ್ರದಲ್ಲಿದ್ದರೆ ಅಲ್ಲಿಂದಲೇ ಶುರುಮಾಡಿ.

ಕಪ್ತಾನ, ಅವನ ಕೈಕೆಳಗಿನ ಅಧಿಕಾರಿಯಾದ ಮೇಟ್ ಇವರದ್ದು ಬೇರೆ ದಾರಿ. 1850ರ ಕಾಯ್ದೆಯಿಂದ ಪರದೇಶ ಯಾನದ ಕಪ್ತಾನರು, ಮೇಟ್‌ಗಳು ಸರ್ಟಿಫಿಕೇಟ್ ಪಡೆಯಲೇಬೇಕಾಯಿತು. ಆ ರಿಜಿಸ್ಟರುಗಳು ಹೆಸರಿನ ಮೇಲೇ ಇವೆ.

ಹಡಗಿನ ಹೆಸರು ಸಿಕ್ಕಿತು ಎಂದು ಕುಣಿಯುವ ಹಾಗಿಲ್ಲ. ಮೇರಿ ಆನ್ ಎಂಬ ಹೆಸರಿನ ಹಡಗುಗಳು ಒಂದೇ ವರ್ಷದಲ್ಲಿ ಡಜನುಗಟ್ಟಲೆ ಇದ್ದವು. ಇಲ್ಲಿ ಕೈಹಿಡಿಯುವುದು ಆಫೀಶಿಯಲ್ ನಂಬರ್. 1854ರ ಕಾಯ್ದೆಯ ನಂತರ, 1855ರಿಂದ, ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ಒಂದು ನಂಬರು ಕೊಟ್ಟು ಅದರ ಮುಖ್ಯ ತೊಲೆಯ ಮೇಲೆ ಕೊರೆಸುತ್ತಿದ್ದರು. ಮಾಲೀಕ ಬದಲಾಗಲಿ, ಹೆಸರು ಬದಲಾಗಲಿ, ಬಂದರು ಬದಲಾಗಲಿ, ನಂಬರು ಬದಲಾಗುವುದಿಲ್ಲ. ಹಡಗು ಮುಳುಗಿದ ಮೇಲೂ ಅದನ್ನು ಇನ್ನೊಂದಕ್ಕೆ ಕೊಡುವುದಿಲ್ಲ. 1857ರಿಂದ ವರ್ಷವರ್ಷ ಅಚ್ಚಾದ ಮರ್ಕೆಂಟೈಲ್ ನೇವಿ ಲಿಸ್ಟ್‌ನಲ್ಲಿ ಹಡಗಿನ ಹೆಸರು, ನಂಬರು, ಬಂದರು, ಟನ್ನು, ಮಾಲೀಕ ಎಲ್ಲವೂ ಇರುತ್ತವೆ. ಒಂದೇ ಹೆಸರಿನ ಹತ್ತು ಹಡಗುಗಳಿದ್ದರೆ ಬಂದರು ಮತ್ತು ಟನ್ನು ನೋಡಿ ಸೋಸಿ. ಎರಡು ಮೂರು ಉಳಿದರೆ ಅಷ್ಟರ ಪಟ್ಟಿಯನ್ನೂ ತೆಗೆಸಿ ನೋಡುವುದೇ ಗತಿ.

ಕಾಗದ ಎಲ್ಲಿದೆ?

ಇದು ತಲೆ ತಿರುಗಿಸುವ ಭಾಗ, ನಿಧಾನವಾಗಿ ನೋಡೋಣ. 1860ರವರೆಗಿನ ಪಟ್ಟಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಬಿಟಿ 98 ಎಂಬ ಸರಣಿಯಲ್ಲಿವೆ (ಬಿಟಿ ಎಂದರೆ ಬೋರ್ಡ್ ಆಫ್ ಟ್ರೇಡ್, ಸರ್ಕಾರದ ವ್ಯಾಪಾರ ಇಲಾಖೆ). 1861ರ ನಂತರ ರಾಶಿ ಎಷ್ಟು ಬೆಳೆಯಿತೆಂದರೆ ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವಿಲ್ಲ ಎಂದು ಹಂಚಿಬಿಟ್ಟರು. ಪ್ರತಿ ವರ್ಷದ ಶೇಕಡಾ 10ರಷ್ಟನ್ನು ಕ್ಯೂ ಇಟ್ಟುಕೊಂಡಿತು, ಬಿಟಿ 99 ಸರಣಿಯಲ್ಲಿ. 1861, 1862 ಮತ್ತು 5ರಲ್ಲಿ ಕೊನೆಯಾಗುವ ವರ್ಷಗಳ (1865, 1875, 1885 ಹೀಗೆ) ಉಳಿದ ಶೇಕಡಾ 90 ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂಗೆ ಹೋಯಿತು. ಕೆಲವು ಜಿಲ್ಲಾ ದಫ್ತರಗಳು ತಮ್ಮ ಬಂದರಿನ ಹಡಗುಗಳದ್ದನ್ನು ಆರಿಸಿಕೊಂಡವು. ಮಿಕ್ಕಿದ್ದನ್ನು, ಅಂದರೆ ಒಟ್ಟಾರೆ ಸುಮಾರು ಶೇಕಡಾ 70ರಷ್ಟನ್ನು, 1970ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ದಾಟಿಸಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಸಾಗಿಸಿದರು. ಈಗ ಅದು ಸೇಂಟ್ ಜಾನ್ಸ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ನಲ್ಲಿದೆ. 1939ರಿಂದ 1950ರವರೆಗಿನ ಪಟ್ಟಿಗಳನ್ನು ಮಾತ್ರ ಒಡೆದಿಲ್ಲ, ಪೂರ್ತಿ ಕ್ಯೂನಲ್ಲೇ ಇವೆ. ಟೈಟಾನಿಕ್‌ನಂಥ ಹೆಸರಾಂತ ಹಡಗುಗಳಿಗೆ ಅಲ್ಲಿಯೇ ಬಿಟಿ 100 ಎಂಬ ಬೇರೆ ಸರಣಿ ಇದೆ.

ಇಲ್ಲಿ ಒಂದು ಹೊಂಡವಿದೆ, ಬಹಳ ಮಂದಿ ಬೀಳುತ್ತಾರೆ. ಪಟ್ಟಿಯನ್ನು ಇಡುವುದು ಯಾನ ಮುಗಿದ ವರ್ಷದ ಕೆಳಗೆ, ಶುರುವಾದ ವರ್ಷದ ಕೆಳಗಲ್ಲ. 1884ರ ಅಕ್ಟೋಬರಿನಲ್ಲಿ ಹೊರಟು 1886ರ ಫೆಬ್ರುವರಿಯಲ್ಲಿ ಮರಳಿದ ಹಡಗಿನ ಪಟ್ಟಿ 1886ರ ಕಟ್ಟಿನಲ್ಲಿರುತ್ತದೆ. 1885ರಲ್ಲಿ ಇಡೀ ವರ್ಷ ಅವನು ಅದೇ ಹಡಗಿನಲ್ಲಿದ್ದ, ಹಾಗಾಗಿ ಗ್ರೀನಿಚ್‌ನಲ್ಲಿ ಸಿಗುತ್ತದೆ ಎಂದು ಹೋದರೆ ಬರಿಗೈ. ಕರಾವಳಿ ವ್ಯಾಪಾರದ ಹಡಗುಗಳದ್ದು ಇನ್ನೊಂದು ರೀತಿ: ಅವು ಯಾನಕ್ಕೊಂದು ಪಟ್ಟಿ ಕೊಡುತ್ತಿರಲಿಲ್ಲ, ಜೂನ್ 30ಕ್ಕೆ ಒಂದು, ಡಿಸೆಂಬರ್ 31ಕ್ಕೆ ಒಂದು, ವರ್ಷಕ್ಕೆ ಎರಡು.

ಹಾಳೆಯನ್ನು ಓದುವುದು

ಪರದೇಶ ಯಾನದ ಕರಾರುಪತ್ರ ಮಡಿಸಿಟ್ಟ ದೊಡ್ಡ ಹಾಳೆ. ಮುಖಪುಟದಲ್ಲಿ ಹಡಗಿನ ವಿವರ, ಕಪ್ತಾನನ ಹೆಸರು, ಯಾನದ ಮಿತಿ. ಈ ಮಿತಿಯನ್ನು ಬೇಕೆಂದೇ ಅಗಲವಾಗಿ ಬರೆಯುತ್ತಿದ್ದರು: ಇಂಥ ಉತ್ತರ ಅಕ್ಷಾಂಶದಿಂದ ಇಂಥ ದಕ್ಷಿಣ ಅಕ್ಷಾಂಶದವರೆಗೆ ಯಾವ ಬಂದರಿಗಾದರೂ, ಒಟ್ಟು ಮೂರು ವರ್ಷ ಮೀರದಂತೆ. ಆದ್ದರಿಂದ ಮುಖಪುಟದಲ್ಲಿ ಕಂಡ ಬಂದರುಗಳಿಗೆಲ್ಲ ಹಡಗು ಹೋಗಿತ್ತು ಎಂದು ತಿಳಿಯಬಾರದು. ನಿಜವಾಗಿ ಹೋದದ್ದೆಲ್ಲಿಗೆ ಎಂದು ಹೇಳುವುದು ಹಿಂಬದಿಯ ಮೊಹರುಗಳು. ಪರದೇಶದ ಬಂದರಿಗೆ ಬಂದ ಕಪ್ತಾನ ಈ ಪತ್ರವನ್ನು ಅಲ್ಲಿನ ಬ್ರಿಟಿಷ್ ಕಾನ್ಸಲ್ (ಸರ್ಕಾರದ ಪ್ರತಿನಿಧಿ) ಕಚೇರಿಯಲ್ಲಿ ಒಪ್ಪಿಸಿ, ಹೊರಡುವಾಗ ವಾಪಸು ಪಡೆಯಬೇಕಿತ್ತು. ಎರಡೂ ತಾರೀಖನ್ನು ಹಾಕಿ ಮೊಹರು ಒತ್ತುತ್ತಿದ್ದರು. ಆ ಮೊಹರುಗಳನ್ನು ತಾರೀಖಿನ ಸಾಲಿಗೆ ಇಟ್ಟರೆ ಯಾನದ ನಕ್ಷೆ ಸಿದ್ಧ.

ಮುಖಪುಟದಲ್ಲೇ ಊಟದ ಪಟ್ಟಿಯೂ ಇರುತ್ತದೆ. ದಿನಕ್ಕೆ ಒಂದು ಪೌಂಡ್ ಬ್ರೆಡ್ಡು (ಬ್ರೆಡ್ಡೆಂದರೆ ಕಲ್ಲಿನಂಥ ಬಿಸ್ಕತ್ತು), ಒಂದು ದಿನ ಒಂದೂವರೆ ಪೌಂಡ್ ಉಪ್ಪುಹಾಕಿದ ದನದ ಮಾಂಸವಾದರೆ ಮರುದಿನ ಒಂದೂಕಾಲು ಪೌಂಡ್ ಹಂದಿಮಾಂಸ, ದಿನಕ್ಕೆ ಮೂರು ಕ್ವಾರ್ಟ್ ನೀರು. ಕೆಳಗೆ ಮದ್ಯ ಕೊಡುವುದಿಲ್ಲ ಎಂಬ ಒಂದು ಸಾಲು. ಎಷ್ಟೋ ಹಡಗುಗಳಲ್ಲಿ ಇದೇ ಅಳತೆ ಅಚ್ಚಿನ ಹಾಗೆ ಕಾಣುತ್ತದೆ.

ಒಳಗಿನ ಸಾಲುಗಳಿಗೆ ಬನ್ನಿ. ಒಬ್ಬೊಬ್ಬ ನಾವಿಕನಿಗೆ ಒಂದೊಂದು ಸಾಲು: ಸಹಿ ಅಥವಾ ಗೀಟಿನ ಗುರುತು, ವಯಸ್ಸು, ಹುಟ್ಟಿದ ಊರು, ಹಿಂದಿನ ಹಡಗು, ಸಹಿ ಹಾಕಿದ ದಿನ ಮತ್ತು ಜಾಗ, ಕೆಲಸ, ತಿಂಗಳ ಸಂಬಳ, ಮುಂಗಡ, ಮನೆಗೆ ಕಳಿಸುವ ಪಾಲು, ಇಳಿದ ದಿನ, ಜಾಗ, ಕಾರಣ, ಕೊನೆಗೆ ಕೈಗೆ ಸಿಕ್ಕ ಬಾಕಿ.

ಸಂಬಳದ ಅಂಕಿಗಳನ್ನು ಸುಮ್ಮನೆ ದಾಟಿಹೋಗಬೇಡಿ. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್ ಎಂಬುದನ್ನು ನೆನಪಿಟ್ಟುಕೊಂಡು ಒಂದು ಕಲ್ಪಿತ ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 2 ಪೌಂಡ್ 10 ಶಿಲ್ಲಿಂಗಿನಂತೆ ಒಬ್ಬ 1874ರ ಮಾರ್ಚ್ 4ರಂದು ಸಹಿ ಹಾಕಿ ನವೆಂಬರ್ 19ರಂದು ಇಳಿದ ಎನ್ನಿ. ನವೆಂಬರ್ 3ಕ್ಕೆ ಎಂಟು ತಿಂಗಳು ತುಂಬುತ್ತದೆ, 20 ಪೌಂಡ್. ಮೇಲೆ 16 ದಿನ. ತಿಂಗಳಿಗೆ 30 ದಿನದ ಲೆಕ್ಕದಲ್ಲಿ 1 ಪೌಂಡ್ 6 ಶಿಲ್ಲಿಂಗ್ 8 ಪೆನ್ಸ್. ಒಟ್ಟು ದುಡಿಮೆ 21 ಪೌಂಡ್ 6 ಶಿಲ್ಲಿಂಗ್ 8 ಪೆನ್ಸ್. ಇದರಲ್ಲಿ ಒಂದು ತಿಂಗಳ ಮುಂಗಡ 2 ಪೌಂಡ್ 10 ಶಿಲ್ಲಿಂಗ್ ಹೋಯಿತು. ಅರ್ಧ ಸಂಬಳ ಮನೆಗೆ, ಏಳು ಕಂತು, 8 ಪೌಂಡ್ 15 ಶಿಲ್ಲಿಂಗ್. ಕಪ್ತಾನನ ಪೆಟ್ಟಿಗೆಯಿಂದ ಸಾಲಕ್ಕೆ ತೆಗೆದ ತಂಬಾಕು, ಬಟ್ಟೆ 15 ಶಿಲ್ಲಿಂಗ್ 4 ಪೆನ್ಸ್. ಕೈಗೆ ಬರಬೇಕಾದದ್ದು 9 ಪೌಂಡ್ 6 ಶಿಲ್ಲಿಂಗ್ 4 ಪೆನ್ಸ್.

ಹಾಳೆಯಲ್ಲಿ ಸಾಮಾನ್ಯವಾಗಿ ತಿಂಗಳ ಸಂಬಳ, ಮುಂಗಡ, ಬಾಕಿ ಕಾಣುತ್ತವೆ. ನಡುವಿನ ಕಡಿತದ ವಿವರ ಕಾಣುವುದಿಲ್ಲ. ಆದ್ದರಿಂದ ದುಡಿಮೆಯನ್ನು ನೀವೇ ಲೆಕ್ಕ ಹಾಕಿ ಬಾಕಿಯನ್ನು ಕಳೆಯಿರಿ. ಬಾಕಿ ಚೂರುಪಾರು ಮಾತ್ರ ಉಳಿದಿದ್ದರೆ ಮನೆಗೆ ಹೋಗುವ ಪಾಲು ದೊಡ್ಡದಿತ್ತು, ಅಥವಾ ದಂಡ ಬಿದ್ದಿತ್ತು, ಅಥವಾ ದಾರಿಯಲ್ಲೇ ಖರ್ಚು ಮಾಡಿದ್ದ. ಅಲಾಟ್‌ಮೆಂಟ್ ಕಾಲಮಿನಲ್ಲಿ, ಅಂದರೆ ಮನೆಗೆ ಕಳಿಸುವ ಪಾಲಿನ ಜಾಗದಲ್ಲಿ, ಮೊತ್ತವಿದ್ದರೆ ದಡದಲ್ಲಿ ಅವನ ದುಡ್ಡಿಗೆ ಕಾದವರು ಯಾರೋ ಇದ್ದರು ಎಂದರ್ಥ. ಹೆಂಡತಿಯೋ ತಾಯಿಯೋ ಎಂದು ಬೇರೆ ದಾಖಲೆಯಲ್ಲಿ ಹುಡುಕಲು ಅದೊಂದು ಸುಳಿವು. 1880ರ ದಶಕದ ಹಾಳೆಗಳಲ್ಲಿ ಮುಂಗಡದ ಕಾಲಮು ಖಾಲಿ ಇದ್ದರೆ ಆಶ್ಚರ್ಯ ಬೇಡ: 1880ರ ಕಾಯ್ದೆ ಮುಂಗಡವನ್ನು ಚೀಟಿಯ ರೂಪದಲ್ಲಿ ಕೊಡುವುದನ್ನು ನಿಷೇಧಿಸಿತು, 1889ರಲ್ಲಿ ಒಂದು ತಿಂಗಳ ಸಂಬಳದ ಮಟ್ಟಿಗೆ ಮತ್ತೆ ಬಿಟ್ಟರು. ದಡದ ವಸತಿಗೃಹದವರು ಆ ಚೀಟಿಯನ್ನು ಅರೆಬೆಲೆಗೆ ಕೊಂಡು ನಾವಿಕರನ್ನು ಸುಲಿಯುತ್ತಿದ್ದದ್ದೇ ನಿಷೇಧಕ್ಕೆ ಕಾರಣ.

ಇನ್ನೊಂದು ಎಡವು. ಕೆಲವು ಸಾಲುಗಳಲ್ಲಿ ಸಂಬಳದ ಮುಂದೆ ‘ರನ್’ ಎಂದಿರುತ್ತದೆ. ಅದು ತಿಂಗಳ ಸಂಬಳವಲ್ಲ, ಒಂದು ಬಂದರಿನಿಂದ ಇನ್ನೊಂದಕ್ಕೆ ಹಡಗು ತಲುಪಿಸಲು ಇಡಿಯಾಗಿ ಮಾತಾಡಿದ ಹಣ. 70 ಎಂದು ಬರೆದು ಓರೆಗೀಟು, ಅಡ್ಡಗೀಟು ಹಾಕಿದ್ದರೆ ಅದು 70 ಶಿಲ್ಲಿಂಗ್, ಅಂದರೆ ಮೂರೂವರೆ ಪೌಂಡ್.

ಇಳಿದ ಕಾರಣದ ಕಾಲಮು ಒಂದೆರಡು ಪದಗಳಲ್ಲಿ ಇಡೀ ಕತೆ ಹೇಳುತ್ತದೆ. ಡಿಸ್ಚಾರ್ಜ್ ಆದವನ ವಿಷಯ ಸರಳ. ‘ಡೆಸರ್ಟೆಡ್’ ಎಂದಿದ್ದರೆ ಓಡಿಹೋದ, ಸಂಬಳ ಮುಟ್ಟುಗೋಲು, ಬಾಕಿಯ ಕಾಲಮು ಖಾಲಿ. ಸ್ಯಾನ್ ಫ್ರಾನ್ಸಿಸ್ಕೊ, ಮೆಲ್ಬರ್ನ್ ಬಂದರುಗಳಲ್ಲಿ ಚಿನ್ನದ ಆಸೆಗೋ ಹೆಚ್ಚಿನ ಸಂಬಳಕ್ಕೋ ಅರ್ಧ ಹಡಗೇ ಖಾಲಿಯಾದ ಪಟ್ಟಿಗಳುಂಟು. ಹೀಗೆ ಓಡಿದವನು ಮುಂದಿನ ಹಡಗಿಗೆ ಬೇರೆ ಹೆಸರಲ್ಲಿ ಹತ್ತಿರುವ ಸಾಧ್ಯತೆ ಇದೆ. ಜಾಡು ಅಲ್ಲಿಗೆ ಕಡಿದರೆ ಆಶ್ಚರ್ಯವಿಲ್ಲ. ‘ಫೇಲ್ಡ್ ಟು ಜಾಯಿನ್’ ಎಂದಿದ್ದರೆ ಎಚ್ಚರ: ಸಹಿ ಹಾಕಿದ, ಹಡಗು ಹತ್ತಲೇ ಇಲ್ಲ. ಹೆಸರು ಪಟ್ಟಿಯಲ್ಲಿದೆ ಎಂದು ಅವನನ್ನು ಚಿಲಿಯ ವಾಲ್ಪರೈಸೊವರೆಗೆ ಕರೆದುಕೊಂಡು ಹೋದ ವಂಶಚರಿತ್ರೆಗಳಿವೆ, ಮನುಷ್ಯ ಮಾತ್ರ ಕಾರ್ಡಿಫ್ ಬಿಟ್ಟು ಕದಲಿರಲಿಲ್ಲ.

ಕೊಂಡಿ ಹಿಡಿದು ಹಿಂದಕ್ಕೆ

ಇಡೀ ಹಾಳೆಯಲ್ಲಿ ಅತಿ ಬೆಲೆಯುಳ್ಳ ಕಾಲಮು ಒಂದೇ: ಹಿಂದಿನ ಹಡಗು. ಅಲ್ಲಿ ಬರೆದ ಹೆಸರು ಮತ್ತು ಬಂದರು ಹಿಡಿದು ನೇವಿ ಲಿಸ್ಟ್‌ನಲ್ಲಿ ನಂಬರು ನೋಡಿ, ಆ ಹಡಗಿನ ಪಟ್ಟಿ ತೆಗೆಸಿ. ಅದರಲ್ಲಿ ಅದರ ಹಿಂದಿನ ಹಡಗು. ಹೀಗೆ ಕೊಂಡಿಕೊಂಡಿಯಾಗಿ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಬಹುದು. ಮುಂದಕ್ಕೆ ಹೋಗಲು ಈ ಅನುಕೂಲವಿಲ್ಲ, ಅದಕ್ಕೇ ಆದಷ್ಟು ತಡವಾದ ಯಾನದಿಂದ ಶುರುಮಾಡುವುದು ಜಾಣತನ. ಕಾಲಮಿನಲ್ಲಿ ‘ಸೇಮ್ ಶಿಪ್’ ಎಂದಿದ್ದರೆ ಅದೇ ಹಡಗಿನ ಹಿಂದಿನ ಯಾನ ನೋಡಿ. ‘ಫಸ್ಟ್ ಶಿಪ್’ ಎಂದಿದ್ದರೆ ಸರಪಳಿಯ ತುದಿ ತಲುಪಿದಿರಿ.

ಸಿಕ್ಕವನು ನಿಮ್ಮವನೇ ಎಂದು ಹೇಗೆ ಹೇಳುವುದು? ವಯಸ್ಸನ್ನು ನಂಬಬೇಡಿ. ಹುಡುಗರು ಹೆಚ್ಚು ಹೇಳಿ ಸಂಬಳ ಏರಿಸಿಕೊಳ್ಳುತ್ತಿದ್ದರು, ಮುದುಕರು ಕಡಿಮೆ ಹೇಳಿ ಕೆಲಸ ಗಿಟ್ಟಿಸಿಕೊಳ್ಳುತ್ತಿದ್ದರು. ಎರಡು ಮೂರು ವರ್ಷದ ಅಂತರ ಮಾಮೂಲು. ಹೆಸರಿನ ಕಾಗುಣಿತ ಗುಮಾಸ್ತನ ಕಿವಿಗೆ ಬಿದ್ದ ಹಾಗೆ. ಹುಟ್ಟಿದ ಊರು ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಮೇಲಿನ ಸಾಲಿನಂತೆಯೇ ಎಂದು ಸೂಚಿಸುವ ಗುರುತು ಹಾಕಿ ಗುಮಾಸ್ತ ಸಾಲುಸಾಲು ಇಳಿದಿದ್ದರೆ, ಒಬ್ಬನ ಊರು ಇನ್ನೊಬ್ಬನಿಗೆ ಅಂಟಿಕೊಂಡಿರಬಹುದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಹಿ. ಎರಡು ಪಟ್ಟಿಗಳ ಸಹಿಯನ್ನು ಪಕ್ಕಪಕ್ಕ ಇಟ್ಟು ಮೊದಲ ಅಕ್ಷರದ ಸುಳಿ ನೋಡಿ. ಹುಟ್ಟೂರು, ಹಿಂದಿನ ಹಡಗು, ಸಹಿ ಈ ಮೂರರಲ್ಲಿ ಎರಡು ಕೂಡಿಬಂದರೆ ಮುಂದುವರಿಯಬಹುದು. ಹೆಸರೊಂದೇ ಕೂಡಿಬಂದರೆ ಬೇಡ.

ಸತ್ತವರ ಲೆಕ್ಕ

1850ರ ಕಾಯ್ದೆ ಅಧಿಕೃತ ಲಾಗ್‌ಬುಕ್ ಇಡಬೇಕೆಂದಿತು. ದಂಡ, ಜಗಳ, ಕಾಯಿಲೆ, ಹುಟ್ಟು, ಸಾವು ಇದರಲ್ಲಿ ಬರೆಯಬೇಕು. ನಾವಿಕ ಸಮುದ್ರದಲ್ಲಿ ಸತ್ತರೆ ಅವನ ಸಾಮಾನನ್ನು ಅಲ್ಲಿಯೇ ಹರಾಜು ಹಾಕಿ, ಯಾವ ವಸ್ತು, ಯಾರು ಕೊಂಡರು, ಎಷ್ಟಕ್ಕೆ ಎಂದು ಬರೆಯುತ್ತಿದ್ದರು. ಎರಡು ಫ್ಲಾನೆಲ್ ಅಂಗಿ, ಒಂದು ಜೊತೆ ಬೂಟು, ಎಣ್ಣೆಬಟ್ಟೆಯ ಕೋಟು, ಚಾಕು, ಮರದ ಪೆಟ್ಟಿಗೆ: ಇಂಥ ಪಟ್ಟಿ ಓದುವಾಗ ಒಬ್ಬ ಮನುಷ್ಯನ ಇಡೀ ಆಸ್ತಿ ಒಂದೇ ಪುಟದಲ್ಲಿ ಕಾಣುತ್ತದೆ. ಹರಾಜಿನ ಹಣವನ್ನು ಬಾಕಿ ಸಂಬಳಕ್ಕೆ ಸೇರಿಸಿ ಸರ್ಕಾರಕ್ಕೆ ಕಟ್ಟಬೇಕು, ಅಲ್ಲಿಂದ ವಾರಸುದಾರರಿಗೆ. ಹೀಗೆ ಬಂದ ಹಣದ ರಿಜಿಸ್ಟರುಗಳು 1852ರಿಂದ 1881ರವರೆಗೆ ಬಿಟಿ 153ರಲ್ಲಿವೆ, ಅದಕ್ಕೆ ಹೆಸರಿನ ಸೂಚಿ ಬಿಟಿ 154ರಲ್ಲಿ. ಹೆಸರಿಲ್ಲದ ಆ ಬರಗಾಲದಲ್ಲಿ ಹೆಸರಿನಿಂದಲೇ ಹಡಗು ಸಿಗುವ ಅಪರೂಪದ ಬಾಗಿಲು ಇದು, ಬಾಗಿಲು ತೆರೆಯಲು ಮಾತ್ರ ಮನುಷ್ಯ ಸತ್ತಿರಬೇಕು.

ಲಾಸ್ಕರರ ಪಟ್ಟಿಗಳು

ಭಾರತದ ಬಂದರುಗಳಿಂದ ಹತ್ತಿದ ನಾವಿಕರಿಗೆ, ಅಂದರೆ ಲಾಸ್ಕರರಿಗೆ, ಕರಾರೇ ಬೇರೆ, ಹಾಳೆಯೂ ಬೇರೆ. ಸಂಬಳ ರೂಪಾಯಿಯಲ್ಲಿ, ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು. ಹುದ್ದೆಗಳ ಹೆಸರೂ ಬೇರೆ: ತಂಡದ ಮುಖ್ಯಸ್ಥ ಸೆರಂಗ್, ಅವನ ಕೈಕೆಳಗೆ ಟಿಂಡಾಲ್, ಚುಕ್ಕಾಣಿ ಹಿಡಿಯುವವನು ಸುಕಾನಿ, ಅಡುಗೆಗೆ ಭಂಡಾರಿ, ಕಸ ಗುಡಿಸಲು ಟೋಪಾಸ್. ಹುಡುಕುವಾಗ ಕುಲನಾಮ ಇರುತ್ತದೆಂದು ನಿರೀಕ್ಷಿಸಬೇಡಿ. ಹೆಸರು, ತಂದೆಯ ಹೆಸರು, ಹಳ್ಳಿ ಈ ಮೂರನ್ನೂ ಒಟ್ಟಿಗೆ ನೋಡಬೇಕು. ಹಡಗಿನ ಸಲೂನಿನಲ್ಲಿ, ಅಂದರೆ ಊಟದ ಕೋಣೆಯಲ್ಲಿ, ದುಡಿದ ಗೋವಾದ ಕೆಲಸಗಾರರಲ್ಲಿ ಒಂದೇ ಪಟ್ಟಿಯಲ್ಲಿ ನಾಲ್ಕು ಫರ್ನಾಂಡಿಸ್ ಇರುವುದು ಸಾಮಾನ್ಯ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಇದ್ದರೆ ಸಹಿ ಹೋಲಿಸುವ ಉಪಾಯ ಕೈಕೊಡುತ್ತದೆ. ಆಗ ಸೆರಂಗನ ಹೆಸರನ್ನು ಹಿಡಿಯಿರಿ. ಸೆರಂಗನೇ ತನ್ನ ಊರಿನ, ನಂಟಿನ ಜನರನ್ನು ಕಟ್ಟಿಕೊಂಡು ಹಡಗು ಹತ್ತುತ್ತಿದ್ದದ್ದರಿಂದ, ಅವನು ಮುಂದಿನ ಹಡಗಿಗೆ ಹೋದರೆ ತಂಡದ ಬಹುಪಾಲು ಅವನ ಹಿಂದೆಯೇ ಇರುತ್ತದೆ. ಪ್ರತಿ ಮಾಡಿದ ಸೂಚಿಗಳಲ್ಲಿ ಲಾಸ್ಕರರ ಹಾಳೆ ಬಿಟ್ಟುಹೋಗಿರುವುದುಂಟು, ಆದ್ದರಿಂದ ಸೂಚಿಯಲ್ಲಿ ಇಲ್ಲ ಎಂದರೆ ಹಡಗಿನಲ್ಲಿ ಇರಲಿಲ್ಲ ಎಂದಲ್ಲ. ವಿಶ್ವಯುದ್ಧಗಳಲ್ಲಿ ಸಮುದ್ರಪಾಲಾದವರ ಹೆಸರುಗಳು ಮುಂಬಯಿ ಮತ್ತು ಚಿತ್ತಗಾಂಗ್‌ನ ಸ್ಮಾರಕಗಳ ದಾಖಲೆಯಲ್ಲಿ ಹಡಗಿನ ಹೆಸರಿನ ಜೊತೆಗೇ ಇವೆ. ಅಲ್ಲಿಂದ ಹಡಗು ಹಿಡಿಯಬಹುದು.

1918ರ ನಂತರದವರನ್ನು ಹುಡುಕುವವರಿಗೆ ಕೆಲಸ ಹಗುರ. ಮತ್ತೆ ಶುರುವಾದ ರಿಜಿಸ್ಟರಿನ ಕಾರ್ಡುಗಳಲ್ಲಿ ಸಿಆರ್1 ಎಂಬ ಸರಣಿ ಹೆಸರಿನ ಅಕಾರಾದಿಯಲ್ಲಿದೆ. ಸಿಆರ್2 ನಾವಿಕನ ಡಿಸ್ಚಾರ್ಜ್ ನಂಬರಿನ ಮೇಲಿದ್ದು ಹಡಗುಗಳ ನಂಬರು, ತಾರೀಖು ಕೊಡುತ್ತದೆ. ಸಿಆರ್10ರಲ್ಲಿ ಭಾವಚಿತ್ರವೇ ಇರುತ್ತದೆ. ಮೊದಲು ಸಿಆರ್1ರಲ್ಲಿ ನಂಬರು ತೆಗೆದುಕೊಂಡು ಆಮೇಲೆ ಸಿಆರ್2ಕ್ಕೆ ಹೋಗಿ. 1941ರಿಂದ 1972ರವರೆಗಿನವರಿಗೆ ನಾವಿಕರ ಕಾಗದಗಳನ್ನಿಟ್ಟ ಬಿಟಿ 372ರ ಲಕೋಟೆಗಳು, ಸೇವೆಯ ವಿವರ ಬರೆದ ಬಿಟಿ 382ರ ಡಾಕೆಟ್ ಪುಸ್ತಕಗಳು; ಏಷ್ಯಾ ಮೂಲದವರದ್ದಕ್ಕೆ ಅದರಲ್ಲೇ ಬೇರೆ ಗುಂಪು.

ಕೊನೆಗೆ ಪ್ರತಿ ತರಿಸುವ ವಿಷಯ. ಯಾವ ದಫ್ತರಕ್ಕೆ ಬರೆದರೂ ಹಡಗಿನ ಹೆಸರಿಗಿಂತ ಮೊದಲು ಆಫೀಶಿಯಲ್ ನಂಬರ್ ಬರೆಯಿರಿ, ಆಮೇಲೆ ಯಾನ ಮುಗಿದ ವರ್ಷ. ವರ್ಷ ಖಚಿತವಿಲ್ಲದಿದ್ದರೆ ಅಕ್ಕಪಕ್ಕದ ವರ್ಷಗಳನ್ನೂ ನೋಡಿ ಎಂದು ಕೇಳಿ. ನಾವಿಕನ ಹೆಸರಿರುವ ಪುಟ ಮಾತ್ರ ಸಾಕು ಎನ್ನಬೇಡಿ. ಮುಖಪುಟ, ಹಿಂಬದಿ, ಒಳಗೆ ಸಿಕ್ಕಿಸಿದ ಚೀಟಿಗಳು, ಲಾಗ್‌ಬುಕ್ ಜೊತೆಗಿದ್ದರೆ ಅದೂ, ಎಲ್ಲದರ ಪ್ರತಿ ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಕಾನ್ಸಲ್ ಮೊಹರು ಇರುವುದು ಹಿಂಬದಿಯಲ್ಲಿ, ಅದೇ ಪುಟ ಬಿಟ್ಟುಹೋಗಿ ಎರಡನೇ ಸಲ ದುಡ್ಡು ಕಟ್ಟಿದವರು ಕಡಿಮೆಯೇನಿಲ್ಲ.